ಕಾಲಡಿಯ ಹಲಗೆ

ನಾನು ಕ್ರೇನಿನ ಮೇಲಿದ್ದಾಗ ಸೇತುವೆ ಸುಟ್ಟರು.
ಗ್ದಿನಿಯಾ ಬಂದರಿನ ರಾತ್ರಿಪಾಳಿ ಮುಗಿಸಿ,
ಎತ್ತರವಿನ್ನೂ ಮೊಣಕಾಲಲ್ಲಿ ತೂಗುತ್ತಿರುವಾಗ
ಬೂಟು ಕಳಚದೆಯೇ ಪರದೆ ಹಚ್ಚಿದೆ.
ಹೊಗೆ. ನದಿಯ ತುಂಬ ಕರಿ ತೊಲೆ.
ಸೇತುವೆಯ ನಡುವೆ, ನಿನ್ನೆ ಬಿಟ್ಟುಹೋದಲ್ಲೇ,
ನನ್ನ ಸುಂಕದ ಮುದುಕಿ:
ಕೈಯಲ್ಲಿ ಲಾಂದ್ರ, ಬಾಯಲ್ಲಿ ಅರ್ಧ ವಾಕ್ಯ.

ಸತ್ತಳೋ ಇದ್ದಾಳೋ ಯಾರೂ ಬರೆದಿರಲಿಲ್ಲ.

ಬೆಂಕಿಯಿಟ್ಟವನು ಇತಾಲೊ,
ಪುಂತಾ ಅರೆನಾಸಿನಲ್ಲಿ, ಭೂಮಿಯ ಕೊನೆಯ ಮೆಟ್ಟಿಲಲ್ಲಿ
ಬ್ರೆಡ್ಡು ಸುಡುವವನು.
ಆಗ ಅವನಿಗೆ ಮೂರು ಗಂಟೆ, ಹಿಟ್ಟು ಉಬ್ಬುವ ಹೊತ್ತು.
"ಆಚೆ ದಡಕ್ಕೆ ಸೈನ್ಯ ಬಂದಿತ್ತು, ಬೋಗ್ನಾ.
ನೀನು ಇಳಿದು ಬರುವ ತನಕ ತಡೆದುಕೋ ಅಂತ
ಬೆಂಕಿಗೆ ಹೇಳಲೇ?"

ಭಾನುವಾರ ಕೂತೆವು. ಕೂತೆವು ಅಂದರೆ,
ಗಳಿಗೆ ಒಂದು, ಗಡಿಯಾರ ನಾಲ್ಕು.
ನನ್ನ ಒಲೆಯ ಮೇಲೆ ಬೀಟ್‌ರೂಟಿನ ಸಾರು;
ಇತಾಲೊಗೆ ಮೊದಲ ಒಬ್ಬೆ ಹೊರಬಿದ್ದ ನಸುಕು;
ಇನ್ವರ್ಕಾರ್ಗಿಲ್ಲಿನ ಮೆರೆಯಾನಾ ಮಕ್ಕಳನ್ನು ಮಲಗಿಸಿದ್ದಾಳೆ,
ಆದರೂ ಹೊರಗೆ ಬೆಳಕು ಹೋಗಲೊಲ್ಲದು;
ಔಲುವಿನ ಹುಡುಗ ಟೆವೊಗೆ
ಜನವರಿಯಲ್ಲಿ ಬೆಳಗೆಂಬುದೇ ಗಾಳಿಸುದ್ದಿ.

ಮೊದಲು ಚಂದ್ರರ ತಗಾದೆ.
"ನಾನು ಎರಡು ಬರೆದೆ, ಮೆರೆಯಾನಾ ಮೂರು ಬರೆದಳು.
ಸಮುದ್ರ ಯಾರ ಮಾತು ಕೇಳಬೇಕು?" ಎಂದ ಟೆವೊ.
ಒಂದು ತಾಸು ಆ ಚಂದ್ರನ ಬೆನ್ನಿಗೇ ಹೋಯಿತು.
ಕೊನೆಗೆ ಅದನ್ನು ಮೋಡದ ಹಿಂದೆ ಇಟ್ಟೆವು:
ಮೀನುಗಾರರು ನಂಬುತ್ತಾರೆ, ಯಾರೂ ಕಂಡಿಲ್ಲ.
ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.
ಉಪ್ಪಿನ ಬೆಲೆ ಸುಲಭಕ್ಕೆ ಬಗೆಹರಿಯಿತು.
ಎರಡು ದಿನದ ದಾರಿಯನ್ನು
ಎಂಥ ಕುದುರೆಯೂ ಒಂದು ಊಟದೊಳಗೆ ಮುಗಿಸಕೂಡದು
ಎಂಬುದಕ್ಕೂ ಎಲ್ಲರೂ ಹೂಂ ಅಂದೆವು.

ಆಮೇಲೆ ಗಾಯದ ಮಾತು.
ಮೆರೆಯಾನಾ ಆಸ್ಪತ್ರೆಯವಳು. ಪಾಳಿಯುದ್ದಕ್ಕೂ
ನಿಮ್ಮ ನೋವು ಹತ್ತರಲ್ಲಿ ಎಷ್ಟು, ಎಂದು ಕೇಳುತ್ತ ನಡೆಯುವವಳು.
"ಕತ್ತಿ ಬೀಸಿದ್ದನ್ನು ಬೀಸಿದವರು ಬರೆಯಿರಿ.
ತಾಗಿತೇ, ಎಷ್ಟು ಆಳ,
ಅದು ಎದುರಿಗಿದ್ದವರ ಕೈಬರಹ.
ಕೇಳದೆ ನಾನೇ ಅಂಕ ಹಾಕಿದ್ದೆ, ಒಬ್ಬ ಮುದುಕನಿಗೆ, ಒಮ್ಮೆ."
ಮುಂದೆ ಹೇಳಲಿಲ್ಲ.

"ಹಾಗಾದರೆ ಯಾರೂ ಸಾಯುವುದಿಲ್ಲ," ಇತಾಲೊ ಸಿಡುಕಿದ.
"ಎಲ್ಲರೂ ಬಗ್ಗುತ್ತಾರೆ, ಜಾರುತ್ತಾರೆ,
ಕಾಲು ಮುರಿದವನು ಕುಣಿಯುತ್ತಾನೆ. ಇದೆಂಥ ಯುದ್ಧ?"

ಅವನದೂ ಸುಳ್ಳಲ್ಲ.
ಲೋಕ ನಮಗಾಗಿ ನಿಲ್ಲುವುದಿಲ್ಲ ಅಂತ ನನಗೆ ಗೊತ್ತು.
ನಮ್ಮ ಕಂಪನಿ ಮಾರಾಟವಾದ ರಾತ್ರಿಯೂ ನಾನು ಮೇಲೆಯೇ ಇದ್ದೆ,
ಚೀನಾದ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಕೂಡಿಸುತ್ತ;
ಇಳಿದಾಗ ಗೂಟದಲ್ಲಿದ್ದ ಹೆಲ್ಮೆಟ್ಟಿನ ಬಣ್ಣ ಬೇರೆಯಿತ್ತು.
ಇದನ್ನು ಬರೆದೆ. ಅಳಿಸಿದೆ.
ಬರೆದದ್ದು ಇಷ್ಟೇ:
ಬೆಂಕಿ ಹಾಕಿ. ನಗರ ಮುಳುಗಿಸಿ. ರಾಜನನ್ನು ಮಾರಿ.
ಹಾಜರಿಲ್ಲದವರ ಕಾಲಡಿಯ ಹಲಗೆ ಮಾತ್ರ
ಅವರು ಬರುವ ತನಕ ಬಿಡಿ.

ಬಹಳ ಹೊತ್ತು ಯಾರೂ ಏನೂ ಒತ್ತಲಿಲ್ಲ.
"ಒಂದು ಹಲಗೆ ತಾನೆ," ಎಂದ ಇತಾಲೊ. "ಬಿಟ್ಟೆ."

ಈಗ ನನ್ನ ಸರದಿ.
ಮುದುಕಿಯನ್ನು ಪಾರು ಮಾಡಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ.
ಲಾಂದ್ರ ಎತ್ತಿಸಿದೆ. ಅರ್ಧ ಉಳಿದ ವಾಕ್ಯ ಮುಗಿಸಿದೆ:
"...ಎರಡು ಕಾಸು. ಕುದುರೆಗೆ ಮೂರು."
ಉರಿ ಸುಂಕ ಕೊಡಲಿಲ್ಲ.
ಅವಳೂ ದಾರಿ ಬಿಡಲಿಲ್ಲ.
ಎಡಗೈ, ಮೊಣಕೈಯವರೆಗೆ, ಹೋಯಿತು ಎಂದು ಬರೆದೆ.
ನಾನೇ ಬರೆದೆ.

ಅಡುಗೆಮನೆಯಲ್ಲಿ ಸಾರು ತಳ ಹಿಡಿದ ವಾಸನೆ.
ಪರದೆಯ ಮೇಲೆ ಮೂರು ಚುಕ್ಕೆ ಎದ್ದವು, ಅಡಗಿದವು,
ಮತ್ತೆ ಎದ್ದವು. ಇತಾಲೊ.

"ನೋವಾಯಿತೇ?"

ಸುಂಕದವಳು ಲೆಕ್ಕ ಹಾಕಿ ಹೇಳಿದಳು:
ಹತ್ತರಲ್ಲಿ ಏಳು.